ಗುಲಾಬಕ್ಕನ ಎಡಗಾಲಿನ ಚಪ್ಪಲಿ

ನನ್ನ ಅಕ್ಷರ ದುಂಡಗಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳ ಮಾತಿನಲ್ಲಿ ತಪ್ಪುಗಳೂ ಇರಬಹುದು, ಓದುವವರು ಬೇಸರಿಸಬಾರದು. ಪಕ್ಕದ ಮನೆಯ ಉಮಾವತಿಯಕ್ಕ ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆದಿದ್ದೇನೆ.

ಉಮಾವತಿಯ ತಂದೆ ಅಣ್ಣಯ್ಯನವರಿಗೆ ಕೊಲ್ಲೂರಿನಲ್ಲಿ ಹಣ್ಣುಕಾಯಿ ಅಂಗಡಿ. ಹಣ್ಣುಕಾಯಿ ಕೊಂಡವರು ಚಪ್ಪಲಿಯನ್ನು ಅಲ್ಲೇ ಬಿಟ್ಟು ಅಮ್ಮನ ದೇವಸ್ಥಾನಕ್ಕೆ ಹೋಗುತ್ತಾರೆ. ಅಂಗಡಿಯ ಬದಿಗೆ ಮರದ ಗೂಡುಗಳು, ಪ್ರತಿ ಗೂಡಿನ ಮೇಲೆ ಒಂದು ಮೊಳೆ, ಮೊಳೆಯಲ್ಲಿ ಒಂದೇ ನಂಬರಿನ ಎರಡು ತಗಡಿನ ಬಿಲ್ಲೆ. ಒಂದು ಗಿರಾಕಿಯ ಕೈಗೆ, ಇನ್ನೊಂದು ಮೊಳೆಯಲ್ಲೇ. ಗೂಡಿಗೆ ಬೇರೆ ನಂಬರಿಲ್ಲ, ಅಣ್ಣಯ್ಯ ಮೊಳೆಯ ಬಿಲ್ಲೆ ನೋಡಿಯೇ ಚಪ್ಪಲಿ ಕೊಡುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಜೊತೆಯೂ ಅದಲುಬದಲಾಗಿಲ್ಲ ಎಂಬುದು ಅವರ ಹೆಮ್ಮೆ.

ಉಮಾವತಿ ಮಂಗಳೂರಿನ ಕಡೆ ಹಾಸ್ಟೆಲಿನಲ್ಲಿದ್ದು ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅಮೂರ್ತ ಬೀಜಗಣಿತ, ಅದರಲ್ಲೂ ಗ್ರೂಪ್ ಥಿಯರಿ ಎಂದರೆ ಅವಳಿಗೆ ಹೆದರಿಕೆಯೂ ಹೌದು, ಆಸೆಯೂ ಹೌದು. ಹೋದ ವಾರದ ಶನಿವಾರ ಊರಿಗೆ ಬಂದಿದ್ದಳು, ಸೋಮವಾರ ಪರೀಕ್ಷೆ. ವಸ್ತುಗಳು ಒಂದರ ಜಾಗಕ್ಕೆ ಒಂದು ಹೋಗುತ್ತ, ಕೊನೆಯದು ಮೊದಲನೆಯದರ ಜಾಗಕ್ಕೆ ಬರುವ ಸುತ್ತುಗಳ ಲೆಕ್ಕ. ಎರಡು ಅದಲುಬದಲುಗಳನ್ನು ಹಿಂದುಮುಂದು ಮಾಡಿದರೆ ಉತ್ತರವೇ ಬೇರೆ. “ವಸ್ತು ಯಾವುದಾದರೂ ಚಿಂತೆಯಿಲ್ಲ, ಕ್ರಮ ಮಾತ್ರ ನೋಡಿ” ಎಂದಿದ್ದರು ಮೇಷ್ಟ್ರು. ಕಾಗದದ ಮೇಲೆ ಅದು ಅವಳ ತಲೆಗೆ ಹತ್ತಿರಲಿಲ್ಲ.

ಮಧ್ಯಾಹ್ನ ಬೀದಿ ಖಾಲಿಯಾಗಿತ್ತು. ಉಮಾವತಿ ಎದ್ದು ಮೊಳೆಯ ಬಿಲ್ಲೆಗಳನ್ನೇ ಆಡಿಸಿದಳು. ನಾಲ್ಕರ ಜಾಗಕ್ಕೆ ಐದು, ಐದರ ಜಾಗಕ್ಕೆ ಆರು, ಆರರ ಜಾಗಕ್ಕೆ ನಾಲ್ಕು. ತಟ್ಟನೆ ಎಲ್ಲ ತಿಳಿಯಿತು. ಅಷ್ಟರಲ್ಲಿ ತಾಯಿ ಊಟಕ್ಕೆ ಕರೆದರು. ಬಂದು ಸರಿ ಮಾಡಿದರಾಯಿತೆಂದು ಹೋದಳು.

ಅವಳು ಕೈ ತೊಳೆದು ಬರುವಾಗ ಕೇರಳದ ಬಸ್ಸೊಂದು ಹೊರಟಾಗಿತ್ತು. ಬಸ್ಸಿನವನೊಬ್ಬ ಎಲ್ಲರ ಬಿಲ್ಲೆಗಳನ್ನು ಒಟ್ಟಿಗೆ ತಂದು, ಅಣ್ಣಯ್ಯ ತೆಗೆದುಕೊಟ್ಟ ಚಪ್ಪಲಿಗಳನ್ನು ನೋಡದೆ ಗೋಣಿಗೆ ತುಂಬಿಸಿಕೊಂಡು ಓಡಿದ್ದ. ಅಂಗಡಿಯ ಎದುರು ಉಪ್ಪುಂದದ ಗುಲಾಬಕ್ಕ ಬರಿಗಾಲಿನಲ್ಲಿ ನಿಂತಿದ್ದರು. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು. ಎಡಗಾಲು ಗಿಡ್ಡ. ಆ ಕಾಲಿನ ಚಪ್ಪಲಿಗೆ ಟಯರಿನ ಮೂರು ಪದರ ಅಟ್ಟೆ ಹೊಲಿಸಿದ್ದರು. ಅವರ ಆರನೇ ನಂಬರಿಗೆ ಸಿಕ್ಕಿದ್ದು ಯಾರದೋ ಹೊಸ ಬೂಟು; ಅವರ ಚಪ್ಪಲಿ ಗೋಣಿಯಲ್ಲಿ ಬಸ್ಸು ಹತ್ತಿ ಹೋಗಿತ್ತು.

“ಹ್ವಾಯ್ ಅಣ್ಣಯ್ಯ, ಎಂತ ಮಾರಾಯ್ರೆ ಇದ್? ನನ್ನ್ ಕಾಲ್ ಸಮ ಮಾಡ್ ಅಂದ್ರೆ, ಅಮ್ಮ ಚಪ್ಪಲಿ ಸಮ ಮಾಡಿ ಕೊಟ್ಲ್ ಕಾಣಿ!”

ಸುತ್ತಲಿನವರು ನಕ್ಕರು. ಅಣ್ಣಯ್ಯ ನಗಲಿಲ್ಲ, ಬೆಂಚಿನಡಿ ಬಗ್ಗಿ ಹುಡುಕತೊಡಗಿದರು. ಅವರು ಬಗ್ಗಿದ ಹೊತ್ತಿನಲ್ಲೇ ಉಮಾವತಿ ಮೂರು ಬಿಲ್ಲೆಗಳನ್ನೂ ಸದ್ದಿಲ್ಲದೆ ಅವುಗಳ ಮೊಳೆಗೆ ಸಿಕ್ಕಿಸಿಬಿಟ್ಟಳು.

ಗುಲಾಬಕ್ಕ ಯಾರದೋ ಹವಾಯಿ ಚಪ್ಪಲಿ ಮೆಟ್ಟಿ, ಎಡಗಾಲಿನ ತುದಿಯಲ್ಲಿ ಕುಂಟುತ್ತ, ಅಣ್ಣಯ್ಯನವರ ಭುಜ ಹಿಡಿದು ಜೀಪು ಹತ್ತಿದರು.

ಸೋಮವಾರ ಉಮಾವತಿ ಸುತ್ತುಗಳನ್ನು ತಪ್ಪಿಲ್ಲದೆ ಬಿಡಿಸಿದಳು. ಪ್ರತಿ ಅದಲುಬದಲನ್ನೂ ಹಿಂದಕ್ಕೆ ತಿರುಗಿಸಬಹುದೆಂದು ಬರೆಯುವಾಗ ಮಾತ್ರ ಟಯರಿನ ಅಟ್ಟೆ ಕಣ್ಣಿಗೆ ಕಟ್ಟಿ ಕೈ ನಿಂತಿತು. ಸಂಜೆ ಕಾಯಿನ್ ಬೂತಿನಿಂದ ಅಪ್ಪನಿಗೆ ಫೋನ್ ಮಾಡಿದಳು. “ಊಟ ಆಯ್ತಾ?” ಎಂದು ಕೇಳಿ ಇಟ್ಟಳು.

ನಿನ್ನೆ, ಶನಿವಾರ, ಮತ್ತೆ ಬಂದಳು. ಗೂಡುಗಳು ಖಾಲಿ. ‘ಇಲ್ಲಿ ಚಪ್ಪಲಿ ಇಡಬೇಡಿ’ ಎಂದು ರಟ್ಟು ತೂಗಿತ್ತು. ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಿದ್ದರು.

“ಎಂತಕ್ಕೆ ಅಪ್ಪಯ್ಯ ಇದ್?”

“ಕಣ್ಣೋ ಮಂಡೆಯೋ, ಯಾವ್ದೋ ಒಂದ್ ಹೋಯ್ತ್ ಮಗಾ. ಬಿಲ್ಲೆ ಎಲ್ಲ ಸರಿ ಇತ್ತ್. ಹಾಂಗಾರ್ ತಪ್ಪಿದ್ದ್ ನಾನೇ ಅಲ್ದಾ? ಅದ್ ಹೋಯ್ಲಿ, ನಿನ್ನ್ ಪರೀಕ್ಷಿ ಹ್ಯಾಂಗಾಯ್ತ್?”

“ಇಪ್ಪತ್ತಕ್ಕೆ ಹತ್ತೊಂಬತ್ತ್.”

ಅಣ್ಣಯ್ಯನವರ ಮುಖ ಅರಳಿತು. “ಕೇಂಡ್ಯನಾ ರಾಜೀವ?” ಎಂದು ಎದುರಂಗಡಿಯವನಿಗೆ ಕೂಗಿ ಹೇಳಿ, ಗೊನೆಯಿಂದ ಎರಡು ಬಾಳೆಹಣ್ಣು ಕಿತ್ತು ಅವಳ ಕೈಗಿಟ್ಟರು. ಅವನ್ನು ಸುಲಿಯಲು ಅವಳಿಗೆ ಆಗಲಿಲ್ಲ.

“ಬಿಲ್ಲೆ ಸರಿ ಇರ್ಲಿಲ್ಲ ಅಪ್ಪಯ್ಯ. ಲೆಕ್ಕ ಕಲೂಕೆ ನಾನೇ ಬದ್ಲ್ ಮಾಡಿದ್ದೆ. ಮತ್ತೆ ನಾನೇ ಸರಿ ಮಾಡಿ ಇಟ್ಟೆ.”

ಅಣ್ಣಯ್ಯ ಅವಳತ್ತ ತಿರುಗಿದರು. “ಯಾವಾಗ? ನಾನ್ ಬೆಂಚಿನಡಿ ಹುಡ್ಕ್ವಾಗಳಾ?”

“ಹೌದ್.”

“ನಾನ್ ಕಣ್ಣಿನ ಡಾಕ್ಟ್ರ ಹತ್ರನೂ ಹೋಯ್ ಬಂದೆ, ಮಗಾ,” ಎಂದಷ್ಟೇ ಹೇಳಿ ಕಾಯಿ ಸುಲಿಯಲು ಕುಳಿತರು. ರಟ್ಟನ್ನು ತೆಗೆಯಲಿಲ್ಲ. ಕತ್ತಲಾದ ಮೇಲೆ ಅವರೇ ಹೇಳಿದರು: “ಗುಲಾಬಕ್ಕ ಬುಟ್ಟಿ ಹೊತ್ತ್ಕಂಡ್ ಹೊರಗ್ ಬರ್ದೆ ವಾರ ಆಯ್ತಂಬ್ರ್.”

ನಾಳೆ ಉಮಾವತಿ ಕ್ಲಾಸಿಗೆ ಹೋಗುವುದಿಲ್ಲ. ಬೆಳಗಿನ ಬಸ್ಸಿಗೆ ಉಪ್ಪುಂದಕ್ಕೆ ಹೋಗಿ, ಗುಲಾಬಕ್ಕನಿಗೆ ಎಲ್ಲವನ್ನೂ ಹೇಳಿ, ರಿಕ್ಷಾದಲ್ಲಿ ಅವರನ್ನು ಬೈಂದೂರಿಗೆ ಕರೆದೊಯ್ದು ಕಾಲಿನ ಅಳತೆ ಕೊಡಿಸಿ ಚಪ್ಪಲಿ ಹೊಲಿಸುತ್ತಾಳೆ.