ಅಂಗಳದ ದೋಣಿ ಮತ್ತು ನಮ್ಮ ಟಗರು

ನಮ್ಮ ಮನೆಯ ಅಂಗಳದಲ್ಲಿ ವರ್ಷದ ಬಹುಪಾಲು ಒಂದು ದೋಣಿ ನಿಂತಿರುತ್ತದೆ. ಬೇಸಿಗೆಯಲ್ಲಿ ಹೊಳೆಮಣ್ಣೂರಿಗೆ ಬಂದವರು ಅದನ್ನು ಕಂಡು ನಗುತ್ತಾರೆ, ಆಗ ಮಲಪ್ರಭೆಯನ್ನು ಪಾದ ತೋಯಿಸಿಕೊಂಡು ದಾಟಬಹುದು. ಮಳೆಗಾಲದಲ್ಲಿ ಬಂದವರು ನಗುವುದಿಲ್ಲ. ಹೊಳೆಯಾಚೆಗಿನ ಹೊಲಕ್ಕೆ ಹೋಗಲೆಂದು ಅಪ್ಪ ತಂದ ಹಳೆಯ ಫೈಬರ್ ದೋಣಿ ಅದು. ಹಿಂದೆ ಸಣ್ಣ ಎಂಜಿನ್ನು, ಕೆಳಗೆ ಎರಡು ಗಾಲಿಯ ಕಬ್ಬಿಣದ ಟ್ರೇಲರ್. ನೀರಿನ ಮೇಲೆ ಅಪ್ಪ ಅದನ್ನು ಒಂದೇ ಕೈಯಲ್ಲಿ ನಡೆಸುತ್ತಾರೆ. ನೆಲದ ಮೇಲೆ ಮಾತ್ರ ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ತೊಂದರೆ ಇದ್ದದ್ದು ನಮ್ಮ ಗೇಟಿನಲ್ಲಿ. ಹೊರಬಿದ್ದೊಡನೆ ಇಕ್ಕಟ್ಟಿನ ಓಣಿ, ಎದುರಿಗೇ ನೆರೆಮನೆಯವರ ಕಲ್ಲಿನ ಕಟ್ಟೆ. ಟ್ರ್ಯಾಕ್ಟರ್ ಅಂಗಳದೊಳಗೆ ಬರಲಾರದು. ದೋಣಿಯನ್ನು ಕೈಯಿಂದಲೇ ಎಳೆದು, ಗೇಟಿನ ನಡುವೆ ತಿರುಗಿಸಿ, ಓಣಿಗೆ ಇಳಿಸಬೇಕು. ಪ್ರತಿ ಸಲವೂ ಅಪ್ಪ ಎಂಟು ಹತ್ತು ಗಂಡಸರನ್ನು ಕೂಗಿ ಕರೆಯುತ್ತಿದ್ದರು. ಅವರು ಬರುತ್ತಿದ್ದರು, ಎಳೆಯುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು.

ಒಂದು ವರ್ಷ ಹೊಳೆ ಓಣಿಗೇ ಬಂತು. ಅಪ್ಪ ದನಗಳನ್ನು ಹೊಡೆದುಕೊಂಡು ದಿಬ್ಬದ ಮೇಲಿನ ಕಾಕಾನ ಮನೆಗೆ ಹೋಗಿದ್ದರು. ಕಾಕಾ ಎಂದರೆ ಅಪ್ಪನ ತಮ್ಮ. ಓಣಿಯ ಉಳಿದ ಗಂಡಸರೂ ತಂತಮ್ಮ ದನಗಳ ಹಿಂದಿದ್ದರು. ಟ್ರೇಲರಿನ ಮುಂದಿನ ಉದ್ದ ಕಬ್ಬಿಣವನ್ನು ನಾವು ಚಕ್ಕಡಿಗೆ ಹೇಳಿದಂತೆ ಮೂಕಿ ಎನ್ನುತ್ತೇವೆ. ಅವ್ವ ಮತ್ತು ನಾನು ಆ ಮೂಕಿ ಹಿಡಿದು ಎಳೆದೆವು. ಅದು ಅಲುಗಲಿಲ್ಲ. ಮೊಳಕಾಲುದ್ದ ನೀರಿನಲ್ಲಿ ಟ್ರೇಲರಿನ ಮೇಲಿನ ದೋಣಿ ತೇಲುವುದೂ ಇಲ್ಲ. ಮನುಷ್ಯರು ಮನೆ ಬಿಡಲು ಮಾತ್ರ ಅಷ್ಟು ನೀರು ಸಾಕು. ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ನೆರೆಯವರ ಮಾಳಿಗೆ ಹತ್ತಿದೆವು. ಅಲ್ಲಿಂದ ನಮ್ಮ ದೋಣಿ ಚೆನ್ನಾಗಿ ಕಾಣುತ್ತಿತ್ತು. ನೀರು ಇಳಿಯುವವರೆಗೂ ಅವ್ವ ಅದರ ಮೇಲಿನ ಕಣ್ಣು ತೆಗೆಯಲಿಲ್ಲ.

ಅದಾದ ಮೇಲೆ ಕಾಕಾ ಒಂದು ಸಲಹೆ ತಂದರು. ದೋಣಿ ದಿಬ್ಬದ ಮೇಲೆ ತಮ್ಮ ತಗಡಿನ ಶೆಡ್ಡಿನಲ್ಲಿರಲಿ, ಅಲ್ಲಿ ಎಳೆಯಲು ಆಳುಗಳಿದ್ದಾರೆ ಎಂದು. ಅಪ್ಪನಿಗೆ ಅದು ಸರಿ ಎನಿಸಿತ್ತು. ಅವ್ವನಿಗೆ ಎನಿಸಲಿಲ್ಲ.

"ನೀರ ಬರೂದು ಇಲ್ಲಿ, ದೋಣಿ ಇರೂದು ಅಲ್ಲಿ. ಚಲೋ ಆತು," ಎಂದಳು.

"ಇಲ್ಲಿದ್ದಾಗರ ಏನ್ ಮಾಡಿದ್ರಿ ವೈನಿ?" ಎಂದು ಕಾಕಾ ಅತ್ತಿಗೆಯನ್ನು ಕೇಳಿದರು.

ಕೊನೆಗೆ ಅಪ್ಪ ಒಂದು ಮಾತು ಹೇಳಿದರು. "ಮಳೀ ಹಿಡಿಯೂದ್ರಾಗ ನೀವಿಬ್ಬರ ಹೆಣ್ಮಕ್ಕಳು ದೋಣಿ ಓಣಿ ತುದಿಗೆ ತಂದ ತೋರಿಸ್ರಿ, ಇಲ್ಲೇ ಇರಲಿ. ಇಲ್ಲಂದ್ರ ಅವ ಒಯ್ತಾನ."

ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದು ನಾನು ರೋಣದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಬೇರೆ ದೇಶಗಳಲ್ಲಿ ಮನೆಯಂಗಳದ ದೋಣಿಗಳನ್ನು ಸರಿಸಲು ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರ ಬಳಸುವುದನ್ನು ವಿಡಿಯೋಗಳಲ್ಲಿ ನೋಡಿದ್ದೆ. ಒಬ್ಬರೇ ಅದರ ಹಿಡಿ ಹಿಡಿದು ಮುಂದೆ ನಡೆಯುತ್ತಾರೆ, ಟ್ರೇಲರ್ ಹಿಂದೆ ಬರುತ್ತದೆ. ಅದರಲ್ಲಿ ನನಗೆ ಅರ್ಥವಾಗದ್ದು ಏನೂ ಇರಲಿಲ್ಲ. ಚಿತ್ರ ಬರೆದು ರೋಣದ ವೆಲ್ಡಿಂಗ್ ಅಂಗಡಿಗೆ ಕೊಟ್ಟೆ. ಕೆಟ್ಟುಹೋದ ಬ್ಯಾಟರಿ ಆಟೋ ಒಂದರ ಹಿಂದಿನ ಅಚ್ಚು ಮತ್ತು ಮೋಟಾರು, ಅದರ ಮೇಲೆ ಬ್ಯಾಟರಿ ಪೆಟ್ಟಿಗೆ, ಮೂಕಿಯ ತುದಿಯನ್ನು ಕೂಡಿಸಲು ಒಂದು ಕಬ್ಬಿಣದ ಗುಂಡು, ಉದ್ದನೆಯ ಹಿಡಿ. ಹಿಡಿಯ ತುದಿಯಲ್ಲಿ ಸ್ಕೂಟರಿನಂತೆ ತಿರುವುವ ಆಕ್ಸಿಲರೇಟರ್. ಕೈ ಬಿಟ್ಟರೆ ಬ್ರೇಕು ತಾನೇ ಹಿಡಿಯಬೇಕೆಂದು ಮೊದಲೇ ಹೇಳಿದ್ದೆ. ನಮ್ಮ ಓಣಿ ಹೊಳೆಯ ಕಡೆಗೆ ಇಳಿಜಾರು.

ಮನೆಗೆ ತಂದಾಗ ಅವ್ವ ಅದರ ಸುತ್ತ ಒಂದು ಸುತ್ತು ಹಾಕಿ, "ಟಗರು ಕಂಡ್ಹಂಗ ಕಾಣ್ತೈತಿ," ಎಂದಳು. ಅದೇ ಅದರ ಹೆಸರಾಯಿತು.

ಮುಂದಕ್ಕೆ ಎಳೆಯುವುದನ್ನು ಅವ್ವ ಬೇಗ ಕಲಿತಳು. ಹಿಂದಕ್ಕೆ ನೂಕುವುದೇ ಕಷ್ಟ. ಮೂಕಿಯನ್ನು ಎಡಕ್ಕೆ ಒತ್ತಿದರೆ ದೋಣಿಯ ಹಿಂಭಾಗ ಬಲಕ್ಕೆ ಹೋಗುತ್ತದೆ. ನಾನು ನೆಲದ ಮೇಲೆ ಗೆರೆ ಎಳೆದು ವಿವರಿಸತೊಡಗಿದೆ. ಅವ್ವ ನಡುವೆಯೇ ತಡೆದಳು.

"ತಿಳೀತ ಬಿಡ. ಎಮ್ಮೀ ಮಾರಿ ಇತ್ತಾಗ ಹಿಡದ್ರ ಕುಂಡಿ ಅತ್ತಾಗ ಹೊಕ್ಕೈತಿ."

ಅದಕ್ಕಿಂತ ಒಳ್ಳೆಯ ವಿವರಣೆ ನನ್ನಲ್ಲಿ ಇರಲಿಲ್ಲ. ಮಧ್ಯಾಹ್ನ ಓಣಿಯೆಲ್ಲ ಮಲಗಿದ ಹೊತ್ತಿನಲ್ಲಿ ನಾವು ಗೇಟು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆವು. ಗಟ್ಟಿಯಾದ ಒಣ ನೆಲದಲ್ಲಿ ಟಗರು ಒಮ್ಮೆಯೂ ತಕರಾರು ಮಾಡಲಿಲ್ಲ.

ಪರೀಕ್ಷೆಯ ದಿನ ಕಾಕಾ ಟ್ರ್ಯಾಕ್ಟರ್ ತೆಗೆದುಕೊಂಡೇ ಬಂದರು. ದೋಣಿಯನ್ನು ಒಯ್ಯಲು ಹಗ್ಗವೂ ಅದರ ಮೇಲಿತ್ತು. ಟ್ರ್ಯಾಕ್ಟರನ್ನು ಓಣಿಯಲ್ಲಿ ನಮ್ಮ ಗೇಟಿನ ಪಕ್ಕಕ್ಕೇ ನಿಲ್ಲಿಸಿ ಒಳಗೆ ಬಂದರು. ನಾನು ಕೋಣೆಯಿಂದ ಹೊರಬಂದು ಅಂಗಳ ನೋಡಿದೆ. ಟಗರು ಮೊದಲ ಸಲ ನಾಲ್ಕು ಜನರ ಎದುರು ಕೆಲಸಕ್ಕೆ ನಿಲ್ಲುವ ದಿನವೆಂದು ಅವ್ವ ಬೆಳಿಗ್ಗೆ ಅಂಗಳವನ್ನೆಲ್ಲ ಸಗಣಿಯಿಂದ ದಪ್ಪವಾಗಿ ಸಾರಿಸಿದ್ದಳು. ರಂಗೋಲಿ ಹಾಕಿ, ಬ್ಯಾಟರಿ ಪೆಟ್ಟಿಗೆಗೆ ವಿಭೂತಿ ಬಳಿದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದಳು. ಸಗಣಿ ಇನ್ನೂ ಹಸಿಯಾಗಿತ್ತು.

ಏನಾಗಲಿದೆ ಎಂದು ನನಗೆ ಗೊತ್ತಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ದೋಣಿ ಹತ್ತಿದರು. "ಖಾಲಿ ದೋಣಿ ಯಾರರ ಎಳೀತಾರ. ನನ್ನ ಮೆರವಣಿಗಿ ಮಾಡ್ರಿ ನೋಡೂಣು," ಎಂದು ಹಿಂದಿನ ತುದಿಗೆ, ಎಂಜಿನ್ನಿಗೆ ಆತುಕೊಂಡು, ಮದುಮಗನ ಹಾಗೆ ಕಾಲ ಮೇಲೆ ಕಾಲು ಹಾಕಿ ಕುಳಿತರು.

ಅವ್ವ ಹಿಡಿಯನ್ನು ತಿರುವಿದಳು. ನಿಂಬೆಹಣ್ಣು ಚಪ್ಪಟೆಯಾದವು. ಆಮೇಲೆ ಗಾಲಿಗಳು ನಿಂತಲ್ಲೇ ಗರಗರ ತಿರುಗಿ ರಂಗೋಲಿಯನ್ನೂ ಸಗಣಿಯನ್ನೂ ಹಿಂದಕ್ಕೆ ಎರಚಿದವು. ದೋಣಿ ಒಂದು ಬೆರಳಷ್ಟೂ ಸರಿಯಲಿಲ್ಲ.

"ಟಗರು ನೆಲಾ ಕೆರೀತೈತಿ ನೋಡ್ರಿ," ಎಂದರು ಕಾಕಾ. "ಏ ಅಣ್ಣಾ, ಹಗ್ಗಾ ತಗೊಂಡ ಬಾ."

ಅಪ್ಪ ನಿಜವಾಗಿಯೂ ಗೇಟಿನ ಕಡೆ ಹೆಜ್ಜೆ ಇಟ್ಟರು. ಅವ್ವ ಹಿಡಿ ಬಿಟ್ಟು ನನ್ನನ್ನು ನೋಡಿದಳು. ಮಾಳಿಗೆಯ ಮೇಲೆ ಕುಳಿತಿದ್ದಾಗಿನ ಮುಖವೇ ಅದು.

"ಅಪ್ಪಾ, ಸ್ವಲ್ಪ ನಿಲ್ಲ್ರಿ," ಎಂದೆ. ನನ್ನ ದನಿ ತರಗತಿಯಲ್ಲಿ ಇರುವಂತೆಯೇ ಇತ್ತು. ಕೊಠಡಿಯಿಂದ ಗೋಣಿತಟ್ಟುಗಳನ್ನು ತಂದು ಟಗರಿನ ಗಾಲಿಗಳ ಮುಂದೆ ಗೇಟಿನವರೆಗೂ ಹಾಸಿದೆ. ಅಷ್ಟೇ ಸಾಲದೆಂದು ಗೊತ್ತಿತ್ತು. ಟಗರಿನ ಹಿಡಿತವೆಲ್ಲ ಮೂಕಿಯಿಂದ ಅದರ ಮೇಲೆ ಬೀಳುವ ಭಾರದಲ್ಲಿದೆ. ಟ್ರೇಲರಿನ ಗಾಲಿಗಳ ಹಿಂದೆ ಕುಳಿತವರು ತಕ್ಕಡಿಯ ಹಾಗೆ ಮೂಕಿಯನ್ನು ಮೇಲಕ್ಕೆತ್ತುತ್ತಾರೆ. ಮುಂದೆ ಕುಳಿತರೆ ಒತ್ತುತ್ತಾರೆ.

"ಕಾಕಾ, ಮುಂದ ಬಂದ ಕೂಡ್ರಿ."

"ಯಾಕ, ನಾ ಭಾರ ಆದ್ನೇನ?"

"ನಿಮ್ಮ ಭಾರಾನ ಬೇಕಾಗೇತಿ. ಒಂದೀಟ ಇತ್ತಾಗ ಕೊಡ್ರಿ."

ಅಪ್ಪ ಮೀಸೆಯಲ್ಲಿ ನಕ್ಕದ್ದನ್ನು ನಾನು ಕಂಡೆ. ಕಾಕಾ ಇಳಿಯುವ ಹಾಗೂ ಇರಲಿಲ್ಲ, ಮೆರವಣಿಗೆ ಕೇಳಿದವರು ಅವರೇ. ಧೋತರ ಹಿಡಿದುಕೊಂಡು ದೋಣಿಯ ಮುಂದಿನ ತುದಿಗೆ ಬಂದು ಕುಳಿತರು. ಟಗರಿನ ಟೈರುಗಳು ತುಸು ಚಪ್ಪಟೆಯಾದವು. ನನಗೆ ಅಷ್ಟೇ ಬೇಕಾಗಿತ್ತು.

ಅವ್ವ ಸೆರಗು ಸಿಕ್ಕಿಸಿಕೊಂಡು ಮತ್ತೆ ಹಿಡಿ ತಿರುವಿದಳು. ಗಾಲಿಗಳು ಗೋಣಿಯನ್ನು ಕಚ್ಚಿದವು. ದೋಣಿ ಕಾಕಾನ ಸಮೇತ ಅಂಗಳ ದಾಟಿ ಗೇಟಿಗೆ ಬಂತು. ಅಲ್ಲಿ ಅವ್ವ ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ, ಎಮ್ಮೆಯನ್ನು ಮೇವಿನ ಗ್ವಾದಲಿಯಿಂದ ತಿರುಗಿಸುವಂತೆ ಅದನ್ನು ತಿರುಗಿಸಿದಳು. ಕಟ್ಟೆಯ ಕಲ್ಲಿಗೂ ದೋಣಿಗೂ ನಡುವೆ ನನ್ನ ಅಂಗೈ ಹಿಡಿಸುವಷ್ಟು ಜಾಗ ಉಳಿಯಿತು. ಆ ಹೊತ್ತಿಗೆ ಕಟ್ಟೆಯ ಮೇಲೆ ಮಂದಿ ಸೇರಿದ್ದರು. ಮುಂದಿನ ತುದಿಯಲ್ಲಿ ನೆಟ್ಟಗೆ ಕುಳಿತಿದ್ದ ಕಾಕಾನಿಗೆ ಯಾರೋ ನಮಸ್ಕಾರ ಮಾಡಿದರು.

ಇಳಿಜಾರಿನ ನಡುವೆ ಕಾಕಾನ ಕೈಗಳು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದವು. "ವೈನಿ, ಸಾವಕಾಶ! ಜಾರಿದ್ರ ಹ್ಯಾಂಗ ಹಿಡೀತೀರಿ?"

ಅವ್ವ ಎರಡೂ ಕೈ ಬಿಟ್ಟಳು. ಟಗರು ಅಲ್ಲೇ ನಿಂತಿತು. ಅವಳು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು, "ಹಿಂಗ," ಎಂದಳು.

ಓಣಿಯ ತುದಿ ಮುಟ್ಟಿ, ದೋಣಿಯನ್ನು ಹಿಂದಕ್ಕೆ ನೂಕಿ ಗೇಟಿನವರೆಗೆ ತಂದಾಗ, ಹಿಮ್ಮುಖವಾಗಿ ಅಂಗಳದೊಳಗೆ ತಿರುಗಿಸಲು ಹೆಚ್ಚು ಜಾಗ ಬೇಕಾದ್ದರಿಂದ, ಕಾಕಾನ ಟ್ರ್ಯಾಕ್ಟರ್ ಅಡ್ಡವಾಯಿತು.

"ನಿಮ್ಮ ಗಾಡಿ ಸರಿಸ್ತೀರೋ, ನಾನ ಸರಿಸಲೋ?" ಎಂದು ಅವ್ವ ಮೈದುನನನ್ನು ಕೇಳಿದಳು. ಕಾಕಾ ನಗುತ್ತಲೇ ಇಳಿದು ಟ್ರ್ಯಾಕ್ಟರನ್ನು ತಾವೇ ಹಿಂದಕ್ಕೆ ತೆಗೆದರು. ಚಹಾ ಕುಡಿದು ಹೋಗುವಾಗ ಹಗ್ಗವನ್ನು ನಮ್ಮ ಮನೆಯಲ್ಲಿಯೇ ಬಿಟ್ಟರು. ದೋಣಿಗೆ ಬೇಕಾಗುತ್ತದೆ ಎಂದರು.

ಈಗ ಟಗರು ಅಡುಗೆಮನೆಯ ಹೊರಗೋಡೆಗೆ ಆತುಕೊಂಡು, ಹಳೆಯ ಕೌದಿ ಹೊದ್ದು ನಿಲ್ಲುತ್ತದೆ. ಚಾರ್ಜಿಗೆ ಹಾಕುವುದನ್ನು ಅವ್ವ ನನಗೆ ಬಿಟ್ಟುಕೊಡುವುದಿಲ್ಲ. ಹಬ್ಬದ ದಿನ ಅವಳು ಅಂಗಳ ಸಾರಿಸುತ್ತಾಳೆ, ಆದರೆ ಗಾಲಿ ನಡೆಯುವ ಎರಡು ಪಟ್ಟಿಗಳನ್ನು ಸಾರಿಸದೆ ಒಣದಾಗಿಯೇ ಬಿಡುತ್ತಾಳೆ.

ಪರೀಕ್ಷೆ ನಡೆದ ವರ್ಷದ ಮಳೆಗಾಲದಲ್ಲೇ ಹೊಳೆ ಮತ್ತೆ ಓಣಿಯ ತುದಿಗೆ ಬಂತು. ಅಪ್ಪ ನರಗುಂದದ ಸಂತೆಯಲ್ಲಿದ್ದರು. ಸುದ್ದಿ ತಿಳಿದು ಫೋನು ಮಾಡಿದರು. ಅವರ ದನಿ ನನಗೂ ಕೇಳಿಸುತ್ತಿತ್ತು. "ಮಂದೀನ ಕರೀರಿ! ಲಗೂ ದೋಣಿ ಹೊರಗ ತಗೀರಿ!"

ಅವ್ವ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದಿದ್ದಳು. ಅವಳ ಕೈ ಖಾಲಿ ಇರಲಿಲ್ಲ, ದೋಣಿಯನ್ನು ಓಣಿಯ ಕಂಬಕ್ಕೆ ಕಾಕಾನ ಹಗ್ಗದಿಂದ ಕಟ್ಟುತ್ತಿದ್ದಳು.

"ತಗದೇವಿ," ಎಂದಳು. "ಬರೂ ಮುಂದ ಉಳ್ಳಾಗಡ್ಡಿ ತರೂದು ಮರೀಬ್ಯಾಡ್ರಿ."