ಡ್ವೇನ್ ಹಾಲ್ವರ್ಸನ್ ಮುಚ್ಚಿದ ಅಟ್ಟ

ಡ್ವೇನ್ ಹಾಲ್ವರ್ಸನ್ ಜೀವಮಾನದಲ್ಲಿ ತನ್ನ ಮನೆಗೆ ಒಬ್ಬ ಕೆಲಸದವನನ್ನೂ ಕರೆಸಿದವನಲ್ಲ. ಚಾವಣಿ, ನಲ್ಲಿ, ಬಾಯ್ಲರು, ಎಲ್ಲ ಅವನದೇ ಕೈ. ಹೆಂಡತಿ ಮಾರ್ಲಿಸ್ ತೀರಿಕೊಂಡಾಗ ಶವಪೆಟ್ಟಿಗೆಯನ್ನೂ ಗ್ಯಾರೇಜಿನಲ್ಲಿ ಕೂತು ತಾನೇ ಮಾಡಿದ. ನಲವತ್ತೊಂದು ವರ್ಷ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಬೇಲಿ. ಅದನ್ನೂ ಅವನೇ ಹಾಕಿದ್ದು, ನಾಲ್ಕು ಬೆರಳು ನನ್ನ ಕಡೆಗೆ ಒತ್ತಿ. ಅದಕ್ಕಾಗಿ ಒಂದು ಬೇಸಿಗೆ ಪೂರ್ತಿ ನಾವು ಮಾತು ಬಿಟ್ಟಿದ್ದೆವು.

ಅವನು ದುಡಿದದ್ದು ರೈಲುಹಳಿ ಪಕ್ಕದ ಕಾರ್ಖಾನೆಯಲ್ಲಿ. ಅಲ್ಲಿ ಒಂದು ಬಗೆಯ ಕಲ್ಲನ್ನು ಕುಲುಮೆಯಲ್ಲಿ ಹುರಿಯುತ್ತಿದ್ದರು. ಅದು ಅರಳಿನ ಹಾಗೆ ಉಬ್ಬಿ, ಹಗುರವಾಗಿ, ಹೊಂಬಣ್ಣಕ್ಕೆ ತಿರುಗುತ್ತಿತ್ತು. ಅಟ್ಟಕ್ಕೆ ಸುರಿದರೆ ಮನೆಯ ಬಿಸಿ ಮೇಲೆ ಹೋಗುವುದಿಲ್ಲ ಎಂದು ನಮ್ಮ ಮಿನಸೋಟಾ ರಾಜ್ಯದ ಜನ ಚೀಲಗಟ್ಟಲೆ ಕೊಳ್ಳುತ್ತಿದ್ದರು. ಹರಿದ ಚೀಲಗಳನ್ನು ಶುಕ್ರವಾರ ಕೆಲಸಗಾರರಿಗೆ ಪುಕ್ಕಟೆ ಕೊಡುತ್ತಿದ್ದರು. ಡ್ವೇನ್ ಒಂದೇ ಚಳಿಗಾಲದಲ್ಲಿ ಅರವತ್ತು ಚೀಲ ಹೊತ್ತು ತಂದು ಅಟ್ಟ ತುಂಬಿಸಿದ. ನನ್ನ ಗಂಡನಿಗೂ ಮೂರು ಕೊಟ್ಟ. ನಾವು ಟೊಮೇಟೊ ಮಡಿಗೆ ಹಾಕಿದೆವು.

ಆ ಕಾರ್ಖಾನೆಯ ಜನ ಒಬ್ಬೊಬ್ಬರಾಗಿ ಕೆಮ್ಮಿ ಸತ್ತರು. ಎಪ್ಪತ್ತರ ಗಡಿ ದಾಟುವ ಹೊತ್ತಿಗೆ ಡ್ವೇನ್‌ನ ಮೂಗಿಗೂ ಆಮ್ಲಜನಕದ ನಳಿಕೆ ಬಂತು. ತನ್ನ ಗತಿ ಏನೆಂದು ಅವನಿಗೆ ಗೊತ್ತಿತ್ತು, ಅದಕ್ಕೆ ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಅಟ್ಟದ ವಿಚಾರ ಮಾತ್ರ ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಹೋದ ನವೆಂಬರಿನಲ್ಲಿ ಅವನ ಮಗಳು ಜೋಲೀನ್ ಅಪ್ಪನನ್ನು ನೋಡಿಕೊಳ್ಳಲು ಮನೆಗೆ ವಾಪಸು ಬರುತ್ತೇನೆ ಎಂದಳು. ಊರಾಚೆ ಬೇಕರಿಯಲ್ಲಿ ಕೇಕು ಮಾಡುತ್ತಾಳೆ, ವಯಸ್ಸು ನಲವತ್ಮೂರು, ಒಂಟಿ. ಅವಳ ಹಳೆಯ ಕೋಣೆಯ ಬಟ್ಟೆ ಇಡುವ ಗೂಡಿನ ಮೇಲೇ ಅಟ್ಟದ ಬಾಯಿ. ಅದರ ಮುಚ್ಚಳದ ಸಂದಿನಿಂದ ಬಿಸಿ ಮೇಲೇರಿ, ಚಾವಣಿಯ ಹಿಮ ಕರಗಿ, ನೀರು ಗೋಡೆಯೊಳಗೆ ಇಳಿಯುತ್ತಿತ್ತು. ಅಪ್ಪನಿಗೆ ಹೇಳದೆ ಜೋಲೀನ್ ಸರ್ಕಾರದ ಚಳಿ ತಡೆಯುವ ಯೋಜನೆಗೆ ಅರ್ಜಿ ಹಾಕಿದಳು. ಬಂದ ಅಧಿಕಾರಿ ಮುಚ್ಚಳ ಎತ್ತಿ ಇಣುಕಿದವನು ತಕ್ಷಣ ಇಳಿದುಬಿಟ್ಟ.

"ಈ ಮನೇಲಿ ನಾವು ಕೆಲಸ ಮಾಡೋ ಹಾಗಿಲ್ಲ. ಮೇಲಿರೋ ಪುಡೀಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್ ಇರುತ್ತೆ, ಉಸಿರಲ್ಲಿ ಹೋದ್ರೆ ಶ್ವಾಸಕೋಶ ಹೋದಂಗೆ," ಎಂದ. "ಇನ್ಮೇಲೆ ಆ ಮುಚ್ಚಳ ತೆಗೀಲೇಬೇಡಿ."

ಅಧಿಕಾರಿ ಹೋದ ಮೇಲೆ ಡ್ವೇನ್ ಮಗಳಿಗೆ, "ನಾಳೇನೇ ಆಸ್ಪತ್ರೆಗೆ ಹೋಗಿ ಎದೆ ತೋರಿಸ್ಕೊಂಡು ಬಾ," ಎಂದ. ಅವಳಿಗೆ ಆರು ತಿಂಗಳಿಂದ ಒಣಕೆಮ್ಮು ಇತ್ತು. ಬೇಕರಿಯ ಹಿಟ್ಟಿನಿಂದ ಎಂದುಕೊಂಡಿದ್ದೆವು.

ಪರೀಕ್ಷೆಯ ಫಲ ಬರುವುದು ಗುರುವಾರ. ಅಷ್ಟರೊಳಗೆ ಅಟ್ಟ ಮುಚ್ಚಿಬಿಡಬೇಕೆಂದು ಅವನು ಹಟ ಹಿಡಿದ. ಮುಚ್ಚಳ ಎತ್ತದೆ ಕೆಳಗಿನಿಂದಲೇ ಸಂದಿಗೆಲ್ಲ ಗಮ್ಮು ತುಂಬಿ, ಅದಕ್ಕೆ ಎರಡಿಂಚಿನ ಫೋಮ್ ಹಲಗೆ ಎರಡು ಪದರ ಅಂಟಿಸಿ, ಅಂಚಿಗೆ ಟೇಪಿನ ಪಟ್ಟಿ ಎಳೆಯುವುದು. ಸ್ಟೂಲು ಹತ್ತಲು ಅಡ್ಡವೆಂದು ಮೂಗಿನ ನಳಿಕೆ ಕಿತ್ತು ಬಿಸಾಡಿದ. ಎರಡು ಮೆಟ್ಟಿಲು ಏರಿ ತುಟಿ ನೀಲಿಯಾಗಿ ಇಳಿದು ಕೂತ.

"ಕೊಡೋ ಇಲ್ಲಿ ಆ ಗಮ್ಮಿನ ಗನ್ನು, ನಾನೇ ಹತ್ತುತೀನಿ," ಎಂದೆ.

"ನೀನು ಸ್ಕೂಲ್ ಬಸ್ ಓಡಿಸಿದವಳು, ವೆರ್ನಾ. ನೆಟ್ಟಗೆ ಗೆರೆ ಎಳೆಯೋಕೆ ನಿನ್ನ ಕೈಲಾಗಲ್ಲ."

"ನಿನ್ನ ಕೈಲಿ ಉಸಿರೇ ಆಡೋಕಾಗ್ತಿಲ್ಲ. ಮೊದ್ಲು ಅದು ನೋಡ್ಕೋ."

"ಸುಮ್ನೆ ಸ್ಟೂಲು ಹಿಡ್ಕೋ ಮಾರಾಯ್ತಿ."

ಒಂದು ಗಂಟೆಯ ಕೆಲಸಕ್ಕೆ ಮೂರು ದಿನ ಹಿಡಿಯಿತು. ಎರಡನೆಯ ದಿನ ಮಗಳ ಮಂಚದ ಮೇಲೆ ಕೂತು ಸುಧಾರಿಸಿಕೊಳ್ಳುವಾಗ ಬಾಯಿ ಬಿಟ್ಟ.

"ಅಟ್ಟದ ಅಂಚಿನಲ್ಲಿ ಸೂರು ಇಳಿಜಾರು ನೋಡು, ನನಗೆ ನುಗ್ಗೋಕೆ ಆಗ್ತಿರಲಿಲ್ಲ. ಜೋಲೀನ್‌ಗೆ ಎಂಟು ವರ್ಷ, ಸಣ್ಣಕ್ಕಿದ್ಳು. ಕೈಗೆ ಪುಡಿ ಎಳೆಯೋ ಗೋರೆ ಕೊಟ್ಟು ನಾನೇ ಒಳಗೆ ತಳ್ಳಿದೆ. ಎರಡು ಶನಿವಾರ ಅಲ್ಲೇ ತೆವಳಿಕೊಂಡು ಪುಡಿ ಹರಡಿದ್ಳು. ಕೆಳಗಿಳಿದಾಗ ತಲೆ ತುಂಬ ಹೊಳಪು. 'ಅಪ್ಪಾ, ನಾನು ರಾಣಿ' ಅಂದ್ಳು. ಐಸ್‌ಕ್ರೀಂ ಕೊಡಿಸಿದೆ."

"ಹಾಳಾದ್ದು, ಯಾರಿಗೆ ಗೊತ್ತಿತ್ತು ಹೇಳು," ಎಂದೆ.

"ಕಾರ್ಖಾನೆಯವರಿಗೆ ಗೊತ್ತಿತ್ತು," ಎಂದು ಎದ್ದು ಮತ್ತೆ ಸ್ಟೂಲು ಹತ್ತಿದ.

ಆ ಕಾರ್ಖಾನೆಯವರು ಯಾರಾದರೂ ಎದುರಿಗಿದ್ದಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಇದ್ದದ್ದು ಡ್ವೇನ್ ಒಬ್ಬನೇ. ಸ್ಟೂಲಿನ ಮೇಲೆ ಅವನ ಕಾಲು ಜಾರದಂತೆ ಎರಡೂ ಕೈಯಿಂದ ಹಿಡಿದುಕೊಂಡೆ.

ಗುರುವಾರ ಸಂಜೆ ನಾನು ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಅಡುಗೆಯ ತಟ್ಟೆ ತೆಗೆದುಕೊಂಡು ಹೋದೆ. ಜೋಲೀನ್ ಬೂಟು ಕಳಚುತ್ತಲೇ, "ಏನೂ ಇಲ್ವಂತಪ್ಪ. ಎರಡೂ ಕಡೆ ಚೊಕ್ಕ," ಎಂದಳು.

"ಚೊಕ್ಕಾನಾ?"

"ಚೊಕ್ಕ."

ಡ್ವೇನ್ ಅವಳನ್ನು ಕೋಣೆಗೆ ಕರೆದುಕೊಂಡು ಹೋಗಿ, ಕೈ ಒದ್ದೆ ಮಾಡಿಸಿ, ಹಲಗೆಯ ಅಂಚಿಗೆ ಹಿಡಿಸಿದ. ತಣ್ಣನೆಯ ಗಾಳಿ ಒಂದೆಳೆಯೂ ತಾಕುತ್ತಿಲ್ಲ ಎಂದು ಅವಳು ಹೊಗಳಿದಳು. ಮೂವರೂ ಊಟ ಮಾಡಿದೆವು, ಅವನು ಎರಡು ಸಲ ಬಡಿಸಿಕೊಂಡ.

ಅವಳನ್ನು ಕಳಿಸಲು ಕಾರಿನ ತನಕ ಹೋದೆ. ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತ, ನನ್ನ ಮುಖ ನೋಡದೆ ಹೇಳಿದಳು.

"ಎರಡೂ ಕಡೆ ಇದೆ, ವೆರ್ನಾ. ಐದು ವರ್ಷ ಅಂದ್ರು ಡಾಕ್ಟ್ರು, ಅದೃಷ್ಟ ಇದ್ರೆ ಹತ್ತು."

ನನಗೆ ಸಿಟ್ಟು ಬಂತು. "ಅವನ ಮುಂದೆ ಅಂಥ ಸುಳ್ಳು ಯಾಕೆ ಹೇಳಿದೆಯೇ?"

"ಅವನಿಗೆ ಉಳಿದಿರೋದು ಎರಡೋ ಮೂರೋ ತಿಂಗಳು. ಅದನ್ನಾದ್ರೂ ನೆಮ್ಮದಿಯಾಗಿ ಕಳೀಲಿ. ನೀನು ಬಾಯಿ ಬಿಟ್ರೆ ನಿನ್ನ ಮುಖ ನೋಡಲ್ಲ."

ತಟ್ಟೆ ತರಲು ಒಳಗೆ ಹೋದೆ. ಡ್ವೇನ್ ಮೇಜಿನ ಮುಂದೆ ಹಾಗೇ ಕೂತಿದ್ದ.

"ಎಷ್ಟು ವರ್ಷ ಅಂದ್ರಂತೆ?" ಎಂದು ಕೇಳಿದ.

"ಏನು ಎಷ್ಟು ವರ್ಷ?"

"ಚೊಕ್ಕ ಇದ್ದಿದ್ರೆ ಆಸ್ಪತ್ರೆ ಕಾಗದ ತಂದು ನನ್ನ ಮುಂದೆ ಬಡೀತಿದ್ಳು. ಒಳ್ಳೇ ಮಾರ್ಕ್ಸ್ ಬಂದಾಗೆಲ್ಲ ಹಾಗೇ ಮಾಡ್ತಿದ್ಳು. ಹೇಳು, ಎಷ್ಟು?"

ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ಐದು. ಹತ್ತೂ ಆಗಬಹುದಂತೆ," ಎಂದೆ.

ಅವನು ಮೇಜಿನ ಮೇಲೆ ಎರಡೂ ಅಂಗೈ ಊರಿದ. ಆಮೇಲೆ, "ನನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳಬೇಡ. ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದಾಳೆ, ಪಾಪ," ಎಂದ.

ಜೋಲೀನ್ ಆ ಕೋಣೆಗೆ ಬಂದು ಸೇರಿಕೊಂಡಳು. ಹನ್ನೊಂದು ವಾರ ಅಪ್ಪ ಮಗಳು ಇಬ್ಬರೂ ಚೆನ್ನಾಗಿದ್ದವರಂತೆ ಒಂದೇ ಮೇಜಿನಲ್ಲಿ ಉಂಡರು. ಕೆಮ್ಮು ಬಂದರೆ ಅವಳು ಗ್ಯಾರೇಜಿಗೆ ಓಡುತ್ತಿದ್ದಳು. ಅವಳು ಎದ್ದ ಕೂಡಲೇ ಅವನು ಟಿವಿಯ ಸದ್ದು ಜೋರು ಮಾಡುತ್ತಿದ್ದ. ಅಪ್ಪನ ಕಿವಿ ಮಂದವಾಯಿತು ನೋಡು ಎಂದು ಅವಳು ನನ್ನ ಹತ್ತಿರ ಮರುಗುತ್ತಿದ್ದಳು.

ಫೆಬ್ರುವರಿಯ ಕೊನೆಯಲ್ಲಿ ಡ್ವೇನ್ ತೀರಿಕೊಂಡ. ಮಣ್ಣು ಮುಗಿಸಿ ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಜೋಲೀನ್ ಬಂದು ನನ್ನ ಪಕ್ಕ ಕೂತಳು.

"ಅಪ್ಪಂಗೆ ಕೊನೇ ತನಕ ಗೊತ್ತಾಗ್ಲಿಲ್ಲ, ವೆರ್ನಾ. ನನ್ನ ಕೈಲಿ ಅವನಿಗೆ ಮಾಡೋಕಾಗಿದ್ದು ಅದೊಂದೇ."

"ಹೌದು ಕಣೆ," ಎಂದೆ. "ಗೊತ್ತಾಗ್ಲಿಲ್ಲ."