ಒಕ್ಕಲಿಗೆ ಬಂದ ಕಂಬಗಳು

ದೊಡ್ಡಮ್ಮನ ಬೈತಲೆಯಲ್ಲಿ ಸದಾ ಒಂದು ಬೂದು ಗೆರೆ. ಬೆಳಿಗ್ಗೆ ಎಷ್ಟೇ ಒತ್ತಿ ಕುಂಕುಮ ಇಟ್ಟರೂ ಸಂಜೆಯೊಳಗೆ ಅದರ ಮೇಲೆ ಸಿಮೆಂಟಿನ ಹುಡಿ ಕೂತಿರುತ್ತಿತ್ತು. ನನ್ನ ಅಮ್ಮನ ಅಕ್ಕ ಅವರು. ಬೆಳ್ಳಾರೆಯಲ್ಲಿ ಸಿಮೆಂಟಿನ ಅಂಗಡಿ. ಚೀಲ ಕೊಂಡವರಿಗೆಲ್ಲ ಉಪದೇಶ ಉಚಿತ: "ಕಾಂಕ್ರೀಟನ್ನು ದಿನಾ ಮೀಯಿಸಿ ಮಾರಾಯ್ರೆ, ಬಾಣಂತಿಯನ್ನು ಮೀಯಿಸಿದ ಹಾಗೆ." ಗಿರಾಕಿಗಳಿಗೆ ಅದು ಬಾಯಿಪಾಠವಾಗಿತ್ತು.

ಗಂಡನ ಮನೆ ಬಿಟ್ಟು ಬಂದ ಮೇಲೆ ನಾನು ದರ್ಬೆಯಲ್ಲಿ ಸಣ್ಣದೊಂದು ಮನೆ ಕಟ್ಟಿಸಿದೆ. ಮಳೆ ಹಿಡಿದು ಮನೆಯೆದುರಿನ ಸಿಟೌಟಿನ ಚಾವಣಿಗೆ ಕಾಂಕ್ರೀಟು ಹಾಕುವುದು ತಡವಾಯಿತು. ಮನೆ ಒಕ್ಕಲು, ಅಂದರೆ ಗೃಹಪ್ರವೇಶ, ನಾಳೆ ಎನ್ನುವಾಗಲೂ ಅದರ ಕೆಳಗೆ ಆಧಾರದ ಕಂಬಗಳು ನಿಂತೇ ಇದ್ದವು. ಒಂಟಿ ಹೆಂಗಸು ಅರೆಬರೆ ಮನೆಗೆ ಕರೆದಳು ಎಂದು ನೆಂಟರು ಆಡಿಕೊಳ್ಳುತ್ತಾರೆಂಬ ಹೆದರಿಕೆ ನನಗೆ. ಕಂಬ ತೆಗೆಯಿರಿ ಎಂದು ಮೇಸ್ತ್ರಿಗೆ ಹೇಳಿದೆ. ಅಷ್ಟರಲ್ಲಿ, ಒಕ್ಕಲಿಗೆಂದು ಮುಂಚಿತವಾಗಿ ಬಂದಿದ್ದ ದೊಡ್ಡಮ್ಮ ಒಂದು ಕಂಬದ ಬುಡಕ್ಕೇ ಕುರ್ಚಿ ಎಳೆದು ಕೂತುಬಿಟ್ಟರು.

"ಕಲ್ಲಿನ ಹಾಗೆ ಗಟ್ಟಿ ಉಂಟಲ್ಲ ದೊಡ್ಡಮ್ಮ!" ಎಂದೆ.

"ಗಟ್ಟಿ ಇಲ್ಲ ಅಂತ ಯಾರು ಹೇಳಿದ್ದು? ಗಟ್ಟಿ ಬೇಗ ಆಗ್ತದೆ ಮಗಾ. ಬಲ ಬರ್ಲಿಕ್ಕೆ ಪ್ರಾಯ ಆಗ್ಬೇಕು. ನೀನೂ ಹಾಗೇ."

ಕೋಪ ಬಂತು, ಅಳುವೂ ಬಂತು. ಆ ವರ್ಷವಿಡೀ ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಎಂದು ಹೊಗಳಿದ್ದರು. ಸ್ವಲ್ಪ ಸುಧಾರಿಸಿಕೋ ಎಂದವರು ಒಬ್ಬರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಮ್ಮನೇ ಕಂಬಕಂಬಕ್ಕೂ ಮಾವಿನ ಸೊಪ್ಪು ಕಟ್ಟಿದರು. "ಇದೆಂತ?" ಎಂದು ಕೇಳಿದ ನೆಂಟರಿಗೆ ಉತ್ತರ ತಯಾರಿತ್ತು: "ಇವೂ ಒಕ್ಕಲಿಗೆ ಬಂದದ್ದು. ಉಂಡು ಹೋಗ್ತವೆ, ಅವಸರ ಎಂತ?" ಜನ ನಕ್ಕರು, ಮೈ ಓರೆ ಮಾಡಿ ಕಂಬಗಳ ನಡುವೆ ನುಸುಳಿದರು, ಪಾಯಸ ಉಂಡು ಹೋದರು. ಯಾರಾದರೂ ಆಡಿಕೊಂಡಿದ್ದರೂ ನನ್ನ ಕಿವಿಗೆ ಬೀಳಲಿಲ್ಲ.

ಕಾಲ ಬಂದಾಗ ಕಂಬಗಳು ಹೋದವು. ದೊಡ್ಡಮ್ಮ ಹೋಗಲಿಲ್ಲ. ಅಂಗಡಿಯನ್ನು ದೊಡ್ಡಪ್ಪನಿಗೆ ಒಪ್ಪಿಸಿ, ಕಾಂಕ್ರೀಟಿಗೆ ನೀರು ಹೊಯ್ಯುವ ನೆಪ ಹೇಳಿ ನನ್ನ ಜೊತೆ ಉಳಿದರು. ನೀರು ಹೊಯ್ಯುವ ಅಗತ್ಯ ಮುಗಿದು ತಿಂಗಳುಗಳೇ ಕಳೆದರೂ ನೆಪ ಬದಲಾಗಲಿಲ್ಲ.

ಈಗ ಅವರಿಲ್ಲ. ಆ ಸಿಟೌಟಿನಲ್ಲಿ ಕೂತಾಗಲೆಲ್ಲ ಒಂದು ಸಂಜೆ ನೆನಪಾಗುತ್ತದೆ. ಕೆಲಸದಿಂದ ಬರುವಾಗ ನನಗೇ ತಿಳಿಯದೆ ಏನೋ ಹಾಡಿಕೊಂಡು ಗೇಟು ತೆರೆದಿದ್ದೆ. ದೊಡ್ಡಮ್ಮ ಕೇಳಿಸಿಕೊಂಡರು, ಒಳಗೆ ಹೋದರು, ತಮ್ಮ ಚೀಲ ಹಿಡಿದು ಹೊರಗೆ ಬಂದರು.

"ಇನ್ನು ನಾನು ಹೋಗುದು ಮಗಾ. ಒಕ್ಕಲಿನ ಊಟ ಆಯ್ತು."